ನಾಲ್ಕು ಜನ, ನಾಲ್ಕು ಸರ್‌ನೇಮು: ಟೊರೊಂಟೊದಿಂದ ದಾವಣಗೆರೆಗೆ ಬಂದ ಮಕ್ಕಳ ಕಾಗದಪತ್ರದ ಕತೆ

2025ರ ಏಪ್ರಿಲ್. ರಾತ್ರಿ ಹತ್ತೂವರೆಗೆ ತಂಗಿಯ ವಾಟ್ಸಾಪ್ ಕರೆ ಬಂತು. ಅವಳಿರುವುದು ಟೊರೊಂಟೊ ಪಕ್ಕದ ಮಿಸ್ಸಿಸಾಗಾದಲ್ಲಿ. "ಅಣ್ಣಾ, ಪುಟ್ಟಿ ಪಾಸ್‌ಪೋರ್ಟು ಫೆಬ್ರವರಿಯಲ್ಲೇ ಮುಗಿದಿದೆ. ಈಗ ನೋಡಿದೆ."

ಶ್ರಾವಣದಲ್ಲಿ ದಾವಣಗೆರೆಯಲ್ಲಿ ನಮ್ಮ ತಮ್ಮನ ಮದುವೆ. ತಂಗಿ ಎರಡು ಮಕ್ಕಳನ್ನು ಕರೆದುಕೊಂಡು ಬರುವುದು ಅಂತ ಆಗಿತ್ತು. ಅವಳ ಗಂಡನಿಗೆ ರಜೆ ಇಲ್ಲ. ಹೊರಡಲು ಹದಿನಾಲ್ಕು ವಾರ ಬಾಕಿ ಇತ್ತು. ನಾನು ಬೆಂಗಳೂರಿನಲ್ಲಿ ಹದಿನಾರು ವರ್ಷ ಟಿಕೆಟ್ ಏಜೆನ್ಸಿಯಲ್ಲಿ ಕೆಲಸ ಮಾಡಿದವನು. ಹಾಗಾಗಿ ಮನೆಯಲ್ಲಿ ಯಾರ ವೀಸಾ, ಯಾರ ಪಾಸ್‌ಪೋರ್ಟು ಅಂದರೂ ಫೋನು ನನಗೇ ಬರುತ್ತದೆ. ಪಾಸ್‌ಪೋರ್ಟ್ ಮುಗಿದಿದ್ದರೆ ಹೊಸದು ಮಾಡಿಸಿದರೆ ಆಯಿತು, ಅದರಲ್ಲೇನಿದೆ ಅಂದುಕೊಂಡೆ. ಆದರೆ ಆ ಮನೆಯ ಕಾಗದಗಳನ್ನೆಲ್ಲ ತಂಗಿ ಮೇಜಿನ ಮೇಲೆ ಹರಡಿ ಒಂದು ಫೋಟೊ ಕಳಿಸಿದಳು ನೋಡಿ, ಆಗ ಕುರ್ಚಿ ಎಳೆದುಕೊಂಡು ಕೂತೆ.

ತಂಗಿಯ ಗಂಡ ಮೂಲತಃ ಚನ್ನಗಿರಿಯವರು, ಈಗ ಕೆನಡಾ ಪ್ರಜೆ. ತಂಗಿ ಇನ್ನೂ ಭಾರತದ ಪಾಸ್‌ಪೋರ್ಟ್ ಇಟ್ಟುಕೊಂಡಿದ್ದಾಳೆ. ಕೆನಡಾದ ಕಾಯಂ ನಿವಾಸಿ, ಅಂದರೆ ಪಿಆರ್ ಕಾರ್ಡ್ ಇದೆ. ಮಧ್ಯೆ ಮೂರು ವರ್ಷ ಅವರು ಕೆಲಸಕ್ಕಾಗಿ ಅಮೆರಿಕದ ಸಿಯಾಟಲ್‌ನಲ್ಲಿದ್ದರು. ಪುಟ್ಟಿ ಹುಟ್ಟಿದ್ದು ಅಲ್ಲಿ. ಅಮೆರಿಕದ ನೆಲದಲ್ಲಿ ಹುಟ್ಟಿದ್ದರಿಂದ ಅಮೆರಿಕದ ಪ್ರಜೆ, ಅಪ್ಪ ಕೆನಡಾದವರಾದ್ದರಿಂದ ಹುಟ್ಟಿನಿಂದಲೇ ಕೆನಡಾ ಪ್ರಜೆ. ಕೆನಡಾಕ್ಕೆ ವಾಪಸ್ ಬಂದಾಗ ಅವಳಿಗೆ ಕೆನಡಾದ ಪೌರತ್ವ ಪತ್ರ ಮಾಡಿಸಿದ್ದರು, ಪಾಸ್‌ಪೋರ್ಟ್ ಮಾತ್ರ ಮಾಡಿಸಿರಲಿಲ್ಲ. ಇದ್ದದ್ದು ಅಮೆರಿಕದ್ದೊಂದೇ. ಭಾರತಕ್ಕೆ ಬರಲು 2020ರಲ್ಲಿ ಮಾಡಿಸಿದ ಓಸಿಐ (ಓವರ್‌ಸೀಸ್ ಸಿಟಿಜನ್ ಆಫ್ ಇಂಡಿಯಾ) ಕಾರ್ಡ್ ನಿಂತಿರುವುದೂ ಅದೇ ಪಾಸ್‌ಪೋರ್ಟಿನ ಮೇಲೆ. ಚಿಕ್ಕವನು ಮಿಸ್ಸಿಸಾಗಾದಲ್ಲೇ ಹುಟ್ಟಿದವನು. ಕೆನಡಾ ಪಾಸ್‌ಪೋರ್ಟು, ಓಸಿಐ ಎರಡೂ ಸರಿಯಾಗಿವೆ. ಅವನದೇನೂ ತಕರಾರಿಲ್ಲ ಅಂತ ಆವತ್ತು ಅಂದುಕೊಂಡಿದ್ದೆವು.

ಇಲ್ಲಿ ಒಂದು ಮಾತು. ನಮ್ಮವರು ಬಹಳ ಜನ ಓಸಿಐ ಅಂದರೆ ಭಾರತದ ಪೌರತ್ವವೇ ಅಂದುಕೊಂಡಿದ್ದಾರೆ. ಅಲ್ಲ. ಭಾರತ ಇಬ್ಬಗೆ ಪೌರತ್ವ ಒಪ್ಪುವುದಿಲ್ಲ. ಓಸಿಐ ಇದ್ದವರಿಗೆ ಇಲ್ಲಿ ಮತವಿಲ್ಲ, ನಮ್ಮ ಪಾಸ್‌ಪೋರ್ಟ್ ಸಿಗುವುದಿಲ್ಲ. ಬೇಕಾದಾಗ ಬಂದುಹೋಗುವ, ಎಷ್ಟು ದಿನ ಬೇಕಾದರೂ ಇರುವ ಹಕ್ಕು ಅದು. ಪುಟ್ಟಿಯ ಎರಡು ಪೌರತ್ವ ಅಮೆರಿಕ ಮತ್ತು ಕೆನಡಾದ್ದು. ಭಾರತದ ಕಣ್ಣಿಗೆ ಅವಳು ಓಸಿಐ ಕಾರ್ಡ್ ಇರುವ ವಿದೇಶಿ ಹುಡುಗಿ, ಅಷ್ಟೇ. ಮುಂದೆ ಬೆಂಗಳೂರು ವಿಮಾನ ನಿಲ್ದಾಣದಲ್ಲಿ ಇದೇ ಮಾತು ಕೆಲಸಕ್ಕೆ ಬಂತು.

ತಂಗಿಯ ಗಂಡ ಲೆಕ್ಕದ ಮನುಷ್ಯ. ಎರಡೇ ದಿನದಲ್ಲಿ ಉಪಾಯ ಕಳಿಸತೊಡಗಿದರು. ಮೊದಲನೆಯದು ಶಿಕಾಗೊ ಮೇಲೆ ಹೋಗುವ ಟಿಕೆಟ್, ಸುಮಾರು ಅಗ್ಗ. ಅದನ್ನು ನೋಡುತ್ತಲೇ ಬೇಡ ಅಂದೆ. ಅಮೆರಿಕದಲ್ಲಿ ವಿಮಾನ ಬದಲಾಯಿಸುವುದಕ್ಕೂ ದೇಶದೊಳಗೆ ಪ್ರವೇಶ ಪಡೆಯಲೇಬೇಕು, ಹಾಗಾಗಿ ತಂಗಿಗೆ ಅಮೆರಿಕದ ವೀಸಾ ಬೇಕು. ಅದೂ ಟೊರೊಂಟೊದ ಪಿಯರ್ಸನ್ ನಿಲ್ದಾಣದಲ್ಲಿ ಅಮೆರಿಕದ ತಪಾಸಣೆ ವಿಮಾನ ಹತ್ತುವ ಮುಂಚೆಯೇ ನಡೆಯುತ್ತದೆ. ಅಲ್ಲೇ ನಿಲ್ಲಿಸಿಬಿಡುತ್ತಾರೆ. ಫ್ರಾಂಕ್‌ಫರ್ಟ್ ಮೇಲೆ ಹೋದರೆ ಆ ರಗಳೆ ಇಲ್ಲ. ಕೆನಡಾದ ಪಿಆರ್ ಕಾರ್ಡ್ ಇರುವ ಭಾರತೀಯರಿಗೆ ಜರ್ಮನಿಯ ಟ್ರಾನ್ಸಿಟ್ ವೀಸಾ ಬೇಕಿಲ್ಲ, ನಿಲ್ದಾಣದ ಒಳಗೇ ಇದ್ದರಾಯಿತು.

ಪಿಆರ್ ಕಾರ್ಡ್ ಅಂದಾಗ ನೆನಪಾಗಿ, ಅದರ ಕೊನೆ ದಿನಾಂಕ ನೋಡು ಅಂದೆ. ಆಗಸ್ಟ್ 19. ವಾಪಸ್ ಟಿಕೆಟ್ ಆಗಸ್ಟ್ 24ಕ್ಕೆ! ಎಲ್ಲರೂ ಮಕ್ಕಳ ಕಾಗದ ಹುಡುಕುತ್ತಿದ್ದರೆ ಅಮ್ಮನದೇ ಮಧ್ಯದಲ್ಲಿ ಮುಗಿಯುತ್ತಿತ್ತು. ಪುಣ್ಯಕ್ಕೆ ಆಗಲೇ ಅರ್ಜಿ ಹಾಕಿದಳು, ಹೊರಡುವ ಒಂಬತ್ತು ದಿನ ಮುಂಚೆ ಹೊಸ ಕಾರ್ಡು ಅಂಚೆಯಲ್ಲಿ ಬಂತು.

ಎರಡನೆಯ ಉಪಾಯ ನನ್ನನ್ನೂ ಒಂದು ಗಳಿಗೆ ಯೋಚನೆಗೆ ಹಚ್ಚಿತು. "ಭಾವ, ಅಮೆರಿಕದ್ದು ಯಾಕೆ ಬೇಕು? ಪೌರತ್ವ ಪತ್ರ ಇದೆ. ಕೆನಡಾ ಪಾಸ್‌ಪೋರ್ಟ್ ಎರಡು ವಾರದಲ್ಲಿ ಕೈಗೆ ಬರುತ್ತೆ." ನಿಜವೇ. ಕೆನಡಾದ ಕಚೇರಿಗೆ ಹೋಗಿ ಕೊಟ್ಟರೆ ಹತ್ತು ಕೆಲಸದ ದಿನಗಳಲ್ಲಿ ಕೊಡುತ್ತಾರೆ. ಆದರೆ ಪುಟ್ಟಿಯ ಓಸಿಐ ಕಾರ್ಡಿನಲ್ಲಿ ರಾಷ್ಟ್ರೀಯತೆ ಅಮೆರಿಕ ಅಂತಲೇ ಇದೆ. ಒಂದು ಕೈಯಲ್ಲಿ ಕೆನಡಾ ಪಾಸ್‌ಪೋರ್ಟು, ಇನ್ನೊಂದು ಕೈಯಲ್ಲಿ ಅಮೆರಿಕ ಅನ್ನುವ ಓಸಿಐ ಹಿಡಿದು ಪಿಯರ್ಸನ್‌ನ ಚೆಕ್-ಇನ್ ಕೌಂಟರಿನಲ್ಲಿ ನಿಂತರೆ ಏನಾಗುತ್ತದೆ?

ಆ ಕೌಂಟರಿನ ಕೆಲಸ ನನಗೆ ಗೊತ್ತು. ಅಲ್ಲಿ ಕೂತಿರುವವರಿಗೆ ನಿಮ್ಮ ಪೌರತ್ವದ ಕತೆ ಬೇಕಾಗಿಲ್ಲ. ಇಳಿಯುವ ದೇಶ ಈ ಪ್ರಯಾಣಿಕರನ್ನು ಒಳಗೆ ಬಿಡುತ್ತದೋ ಇಲ್ಲವೋ, ಇದೊಂದೇ ಅವರ ಪ್ರಶ್ನೆ. ಅದಕ್ಕೆ ಟಿಮ್ಯಾಟಿಕ್ ಅಂತ ಒಂದು ವ್ಯವಸ್ಥೆ ಇದೆ. ಯಾವ ಪಾಸ್‌ಪೋರ್ಟು, ಎಲ್ಲಿಂದ ಎಲ್ಲಿಗೆ, ಮಧ್ಯೆ ಎಲ್ಲಿ ಅಂತ ಹಾಕಿದರೆ ಏನೇನು ಕಾಗದ ಬೇಕು ಅಂತ ಹೇಳುತ್ತದೆ. ಒಳಗೆ ಬಿಡದವರನ್ನು ಕರೆತಂದರೆ ದಂಡ ಬೀಳುವುದು, ವಾಪಸ್ ಒಯ್ಯುವ ಖರ್ಚು ಎಲ್ಲ ವಿಮಾನ ಕಂಪನಿಯ ತಲೆಗೆ. ಅದಕ್ಕೇ ಅವರು ಅಷ್ಟು ಗಟ್ಟಿ. ಒಂದು ಕಾಗದಕ್ಕೆ ಇನ್ನೊಂದು ಹೊಂದಲಿಲ್ಲ ಅಂದರೆ ಮೇಲಿನವರನ್ನು ಕರೆಯುತ್ತಾರೆ, ಮೇಲಿನವರು ಫೋನ್ ಮಾಡುತ್ತಾರೆ, ಅಷ್ಟರಲ್ಲಿ ಕೌಂಟರ್ ಮುಚ್ಚುತ್ತದೆ.

ಹಾಗಾಗಿ ಅಮೆರಿಕದ ಪಾಸ್‌ಪೋರ್ಟ್ ಹೊಸದು ಮಾಡಿಸಲೇಬೇಕು, ಜೊತೆಗೆ ಕೆನಡಾದ್ದನ್ನೂ ಮಾಡಿಸಿಬಿಡಿ ಅಂದೆ. ಕೆನಡಾದ್ದು ಕಡ್ಡಾಯವೇನಲ್ಲ. 2016ರ ನವೆಂಬರ್‌ನಿಂದ ಇಬ್ಬಗೆ ಪೌರತ್ವದ ಕೆನಡಿಯನ್ನರು ಕೆನಡಾಕ್ಕೆ ವಿಮಾನ ಹತ್ತಲು ಕೆನಡಾ ಪಾಸ್‌ಪೋರ್ಟನ್ನೇ ತೋರಿಸಬೇಕು ಅನ್ನುವ ನಿಯಮ ಬಂದಿದೆ. ಅಮೆರಿಕ-ಕೆನಡಾ ಜೋಡಿಯವರಿಗೆ ಮಾತ್ರ ವಿನಾಯಿತಿ, ಚಾಲ್ತಿಯಲ್ಲಿರುವ ಅಮೆರಿಕದ ಪಾಸ್‌ಪೋರ್ಟ್ ಸಾಕು. ಪುಟ್ಟಿಯ ಎರಡನೇ ಪಾಸ್‌ಪೋರ್ಟ್ ಬ್ರಿಟನ್ನಿನದಾಗಿದ್ದರೆ ವಾಪಸ್ ಬರುವಾಗ ಬೆಂಗಳೂರಿನಲ್ಲೇ ಸಿಕ್ಕಿಕೊಳ್ಳುತ್ತಿದ್ದಳು. ಬ್ರಿಟನ್ ಕೂಡ ತನ್ನ ಇಬ್ಬಗೆ ಪ್ರಜೆಗಳಿಗೆ 2026ರ ಫೆಬ್ರವರಿ 25ರಿಂದ ಇಂಥದೇ ನಿಯಮ ತಂದಿದೆ. ವಿನಾಯಿತಿ ಇದ್ದರೂ ನಾನು ಕೆನಡಾದ್ದು ಇರಲಿ ಅಂದದ್ದು ಯಾಕೆ ಅಂದರೆ, ರಾತ್ರಿ ಎರಡು ಗಂಟೆಗೆ ಕೌಂಟರಿನಲ್ಲಿ ನಿಂತು ವಿನಾಯಿತಿಯ ಬಗ್ಗೆ ಪಾಠ ಮಾಡುವುದಕ್ಕಿಂತ ಕಡುನೀಲಿ ಪುಸ್ತಕ ಮುಂದಿಡುವುದು ಸುಲಭ.

ಈಗ ಅಪ್ಪ-ಅಮ್ಮನ ಒಪ್ಪಿಗೆಯ ವಿಷಯ. ಹದಿನಾರು ತುಂಬದ ಮಗುವಿಗೆ ಅಮೆರಿಕದ ಪಾಸ್‌ಪೋರ್ಟ್ ಬೇಕಾದರೆ ಅಪ್ಪ-ಅಮ್ಮ ಇಬ್ಬರೂ ಮಗುವಿನ ಜೊತೆ ಖುದ್ದಾಗಿ ಹೋಗಬೇಕು. ಹಳೆಯದು ಇದೆ, ನವೀಕರಣ ಅಷ್ಟೇ ಅಂದರೆ ಆಗುವುದಿಲ್ಲ. ಆ ವಯಸ್ಸಿಗೆ ಪ್ರತಿಸಲವೂ ಹೊಸ ಅರ್ಜಿಯೇ, ಡಿಎಸ್-11 ಅನ್ನುವ ಫಾರಂ. ಅಪ್ಪ-ಅಮ್ಮ ಅಮೆರಿಕದ ಪ್ರಜೆಗಳಲ್ಲದಿದ್ದರೂ ಇದು ತಪ್ಪದು. ಬರಲಾಗದವರು ನೋಟರಿಯ ಮುಂದೆ ಸಹಿ ಮಾಡಿದ ಡಿಎಸ್-3053 ಅನ್ನುವ ಒಪ್ಪಿಗೆ ಫಾರಂ ಕೊಡಬಹುದು. ಒಬ್ಬರಿಗೆ ಗೊತ್ತಿಲ್ಲದ ಹಾಗೆ ಇನ್ನೊಬ್ಬರು ಪಾಸ್‌ಪೋರ್ಟ್ ಮಾಡಿಸಿ ಮಗುವನ್ನು ದೇಶ ದಾಟಿಸಬಾರದು ಅಂತಲೇ ಈ ಏರ್ಪಾಡು. ತಂಗಿಯ ಗಂಡ ರಜೆ ಉಳಿಸಲು ನೋಟರಿ ದಾರಿ ಹಿಡಿಯಲು ನೋಡಿದರು. ಅರ್ಧ ದಿನ ರಜೆ ಹಾಕಿ ಹೋಗಿ ಬನ್ನಿ, ಆ ಫಾರಂನಲ್ಲಿ ಒಂದು ಅಕ್ಷರ ಹೆಚ್ಚುಕಮ್ಮಿಯಾದರೆ ಇನ್ನೊಂದು ಅಪಾಯಿಂಟ್‌ಮೆಂಟಿಗೆ ಕಾಯಬೇಕು ಅಂದೆ. ಹೋದರು. ಫೋಟೊದ್ದೊಂದು ತಮಾಷೆ ಆಯಿತು. ಸ್ಟುಡಿಯೊದವನು ಅಭ್ಯಾಸಬಲದಿಂದ ಕೆನಡಾ ಅಳತೆಯ 5 ಬೈ 7 ಸೆಂಟಿಮೀಟರ್ ತೆಗೆದುಕೊಟ್ಟಿದ್ದ. ಅಮೆರಿಕಕ್ಕೆ ಬೇಕಾದದ್ದು 2 ಬೈ 2 ಇಂಚು ಚೌಕ. ಕೆನಡಾ ಪಾಸ್‌ಪೋರ್ಟಿಗೆ ಹೇಗೂ ಬೇಕಿತ್ತಲ್ಲ, ವೇಸ್ಟ್ ಆಗಲಿಲ್ಲ.

ಹೊಸ ಪಾಸ್‌ಪೋರ್ಟ್ ಜೂನ್‌ನಲ್ಲಿ ಬಂತು. ನಂಬರ್ ಬದಲಾಗಿದೆ, ಓಸಿಐ ಕಾರ್ಡಿನಲ್ಲಿ ಹಳೆ ನಂಬರ್ ಇದೆ. ಮೊದಲಾಗಿದ್ದರೆ ಹೊಸ ಕಾರ್ಡೇ ಮಾಡಿಸಬೇಕಿತ್ತು. 2021ರಿಂದ ಅದು ಸಲೀಸಾಗಿದೆ. ಇಪ್ಪತ್ತು ವರ್ಷ ತುಂಬುವವರೆಗೆ ಪ್ರತಿ ಹೊಸ ಪಾಸ್‌ಪೋರ್ಟಿಗೂ ಅದರ ಪ್ರತಿ ಮತ್ತು ಮಗುವಿನ ಈಗಿನ ಫೋಟೊವನ್ನು ಓಸಿಐ ಜಾಲತಾಣಕ್ಕೆ ಮೂರು ತಿಂಗಳೊಳಗೆ ಏರಿಸಬೇಕು. ದುಡ್ಡಿಲ್ಲ. ಇಪ್ಪತ್ತು ದಾಟಿದ ಮೇಲೆ ಬರುವ ಪಾಸ್‌ಪೋರ್ಟಿಗೆ ಒಂದೇ ಒಂದು ಸಲ ಹೊಸ ಕಾರ್ಡು. ಹಳೆ ಪಾಸ್‌ಪೋರ್ಟ್ ಹೊತ್ತು ತಿರುಗಬೇಕೆಂಬ ಷರತ್ತೂ ಆ ವರ್ಷವೇ ಹೋಯಿತು. ಹೋದರೂ ನಾನು ಹಳೆಯದನ್ನೂ ಬ್ಯಾಗಿಗೆ ಹಾಕಿಸಿದೆ. ಅದರ ತೂಕ ಎಷ್ಟು ಮಹಾ?

ಇಷ್ಟೆಲ್ಲ ಆದ ಮೇಲೆ ಮೂರನೆಯ ಉಪಾಯ, ಅಥವಾ ಸಿಟ್ಟು ಅನ್ನಿ. ನೀವು ಜೊತೆಗೆ ಬರುತ್ತಿಲ್ಲವಲ್ಲ, ಮಕ್ಕಳನ್ನು ಕರೆದೊಯ್ಯಲು ಒಪ್ಪಿಗೆ ಪತ್ರ ಬರೆದು ನೋಟರಿ ಮಾಡಿಸಿ ಅಂದಾಗ ತಂಗಿಯ ಗಂಡ ಕೆರಳಿದರು. "ನನ್ನ ಹೆಂಡ್ತಿ ನನ್ನ ಮಕ್ಕಳನ್ನ ಅವರ ಅಜ್ಜಿ ಮನೆಗೆ ಕರ್ಕೊಂಡು ಹೋಗೋಕೆ ಯಾರಪ್ಪಣೆ ಬೇಕು ಭಾವ? ಬೇಕಾದ್ರೆ ಇಮೇಲ್ ಹಾಕ್ತೀನಿ."

ಅವರು ಹೇಳಿದ್ದರಲ್ಲಿ ಅರ್ಧ ಸರಿ. ಕೆನಡಾದ ಕಾನೂನು ಇಂಥ ಪತ್ರ ಕಡ್ಡಾಯ ಅನ್ನುವುದಿಲ್ಲ. ಇಟ್ಟುಕೊಂಡಿರಿ ಎಂದು ಸರ್ಕಾರ ಒತ್ತಿ ಹೇಳುತ್ತದೆ, ಮಾದರಿ ಪತ್ರವನ್ನೂ ಕೊಟ್ಟಿದೆ. ಆದರೆ ಒಬ್ಬರೇ ಪೋಷಕರು ಮಕ್ಕಳೊಂದಿಗೆ ಗಡಿ ದಾಟುವಾಗ ಅಧಿಕಾರಿ ಪ್ರಶ್ನೆ ಕೇಳಬಹುದು. ಅಪ್ಪನೋ ಅಮ್ಮನೋ ಇನ್ನೊಬ್ಬರಿಂದ ಮಗುವನ್ನು ದೂರಮಾಡುವ ಉದ್ದೇಶದಿಂದ ಹೊರದೇಶಕ್ಕೆ ಒಯ್ಯುವುದು ಅಲ್ಲಿ ಅಪರಾಧ. ಹಾಗೆ ಒಯ್ದ ಮಗುವನ್ನು ವಾಪಸ್ ತರಿಸಲು 1980ರ ಹೇಗ್ ಒಪ್ಪಂದ ಇದೆ. ಕೆನಡಾ, ಅಮೆರಿಕ ಎರಡೂ ಅದಕ್ಕೆ ಸಹಿ ಹಾಕಿವೆ. ಭಾರತ ಹಾಕಿಲ್ಲ. ಹಾಕಬೇಕು ಅಂತ ನಮ್ಮ ಕಾನೂನು ಆಯೋಗ 2009ರಲ್ಲೇ ಹೇಳಿತ್ತು. ಬೇಡ ಅನ್ನುವವರೂ ಇದ್ದಾರೆ. ಗಂಡನ ಹಿಂಸೆ ತಾಳದೆ ಮಗುವಿನೊಂದಿಗೆ ತವರಿಗೆ ಬಂದ ಹೆಣ್ಣುಮಕ್ಕಳನ್ನು ಆ ಒಪ್ಪಂದ ಅಪರಾಧಿಯ ಜಾಗದಲ್ಲಿ ನಿಲ್ಲಿಸುತ್ತದೆ ಅನ್ನುವುದು ಅವರ ವಾದ. ಅದು ತಳ್ಳಿಹಾಕುವ ಮಾತಲ್ಲ. ಏನೇ ಇರಲಿ, ಮಗು ಭಾರತಕ್ಕೆ ಹೋದರೆ ವಾಪಸ್ ತರಿಸುವುದು ಕಷ್ಟ ಅನ್ನುವುದು ಗಡಿಯಲ್ಲಿ ನಿಂತ ಅಧಿಕಾರಿಗೂ ಗೊತ್ತಿರುವ ವಿಷಯ.

ಇದಕ್ಕಿಂತ ದೊಡ್ಡ ಕಾರಣ ಬೇರೆ ಇತ್ತು. ಹೆಸರು.

ನಮ್ಮ ಕಡೆ ಸರ್‌ನೇಮು ಅಂತ ಎಲ್ಲಿತ್ತು ಹೇಳಿ? ಇನಿಷಿಯಲ್ಲು ಇತ್ತು. ಒಂದು ಊರಿಗೆ, ಒಂದು ಅಪ್ಪನಿಗೆ. ಪಾಸ್‌ಪೋರ್ಟಿನ ಖಾನೆ ತುಂಬಿಸುವಾಗ ಆ ಇನಿಷಿಯಲ್ಲು ಬಿಡಿಸಿ ಒಬ್ಬೊಬ್ಬರು ಒಂದೊಂದು ಹಾಕುತ್ತಾರೆ. ತಂಗಿಯ ಪಾಸ್‌ಪೋರ್ಟಿನಲ್ಲಿ ಸರ್‌ನೇಮು ನಮ್ಮ ಅಪ್ಪನ ಹೆಸರು. ಮದುವೆಯ ನಂತರವೂ ಬದಲಿಸಲಿಲ್ಲ, ಬದಲಿಸುವ ಅಗತ್ಯವೂ ಇರಲಿಲ್ಲ. ಅವಳ ಗಂಡನದು ಅವರ ಅಪ್ಪನ ಹೆಸರು. ಸಿಯಾಟಲ್ ಆಸ್ಪತ್ರೆಯಲ್ಲಿ ಪುಟ್ಟಿಯ ಸರ್‌ನೇಮು ಕೇಳಿದಾಗ, ಮಗಳಿಗೆ ಅಪ್ಪನ ಹೆಸರು ತಾನೇ ಅಂತ ಇವರು ತಮ್ಮ ಸ್ವಂತ ಹೆಸರು ಬರೆಸಿದರು. ಇದರಿಂದ ಶಾಲೆಯಲ್ಲಿ ಗೊಂದಲವಾಯಿತು ಅಂತ ಮಗನಿಗೆ ಊರ ಹೆಸರು ಹಾಕಿಸಿದರು, ಚನ್ನಗಿರಿ ಅಂತ. ಒಂದೇ ಮನೆ, ನಾಲ್ಕು ಜನ, ನಾಲ್ಕು ಸರ್‌ನೇಮು! ನಮಗೆ ಇದರಲ್ಲಿ ವಿಚಿತ್ರ ಏನೂ ಕಾಣುವುದಿಲ್ಲ. ಕನ್ನಡ ಗೊತ್ತಿಲ್ಲದ ಅಧಿಕಾರಿಯ ಮುಂದೆ ಮೂರು ಪಾಸ್‌ಪೋರ್ಟ್ ಇಟ್ಟರೆ ಅಮ್ಮನಿಗೂ ಮಕ್ಕಳಿಗೂ, ಅಕ್ಕನಿಗೂ ತಮ್ಮನಿಗೂ ಸಂಬಂಧವೇ ಕಾಣುವುದಿಲ್ಲ.

ಸಂಬಂಧ ತೋರಿಸುವುದು ಜನನ ಪ್ರಮಾಣಪತ್ರ. ಪುಟ್ಟಿಯದರಲ್ಲಿ ಅಪ್ಪ-ಅಮ್ಮನ ಹೆಸರು ಪೂರ್ತಿ ಇತ್ತು. ತಕರಾರಿಲ್ಲ ಅಂದುಕೊಂಡಿದ್ದ ಚಿಕ್ಕವನದು ಇಲ್ಲಿ ಕೈಕೊಟ್ಟಿತು. ಒಂಟಾರಿಯೊದಲ್ಲಿ ಚಿಕ್ಕ ನಮೂನೆಯ ಪ್ರಮಾಣಪತ್ರ ಒಂದಿದೆ. ಅದರಲ್ಲಿ ಮಗುವಿನ ವಿವರ ಮಾತ್ರ ಇರುತ್ತದೆ, ಹೆತ್ತವರ ಹೆಸರೇ ಇರುವುದಿಲ್ಲ. ಇವರ ಹತ್ತಿರ ಇದ್ದದ್ದು ಅದು. ಹೆತ್ತವರ ಹೆಸರಿರುವ ಪ್ರತಿಗೆ ಬೇರೆ ಅರ್ಜಿ ಹಾಕಿ ತರಿಸಿದರು. ಜೊತೆಗೆ ಮದುವೆಯ ಪ್ರಮಾಣಪತ್ರ. ತಂಗಿಯ ಭಾರತದ ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ಗಂಡನ ಹೆಸರು ಅಚ್ಚಾಗಿದೆ. ಆ ಪುಟಕ್ಕೊಂದು ಚೀಟಿ ಅಂಟಿಸಿಡು ಅಂದೆ.

ಸರ್‌ನೇಮಿನ ಪಟ್ಟಿ ಓದಿ ಹೇಳಿದ ಮೇಲೆ ತಂಗಿಯ ಗಂಡ ಮರುಮಾತಿಲ್ಲದೆ ಒಪ್ಪಿದರು. ಪತ್ರ ನಾನೇ ತಯಾರಿಸಿದೆ, ಒಂದೊಂದು ಮಗುವಿಗೆ ಒಂದೊಂದು. ಮಗುವಿನ ಹೆಸರು ಪಾಸ್‌ಪೋರ್ಟಿನಲ್ಲಿದ್ದಂತೆ, ಹುಟ್ಟಿದ ದಿನ, ಪಾಸ್‌ಪೋರ್ಟ್ ನಂಬರ್, ಪುಟ್ಟಿಗೆ ಎರಡೂ ನಂಬರ್. ಯಾರ ಜೊತೆ, ಯಾವತ್ತಿನಿಂದ ಯಾವತ್ತಿನವರೆಗೆ, ದಾವಣಗೆರೆಯಲ್ಲಿ ಯಾರ ಮನೆ. ಅಪ್ಪನ ವಿಳಾಸ, ಫೋನು. ಹೊರಡುವ ವಾರದಲ್ಲಿ ನೋಟರಿಯ ಮುಂದೆ ಸಹಿ, ಅಪ್ಪನ ಪಾಸ್‌ಪೋರ್ಟಿನ ಪ್ರತಿ ಲಗತ್ತು. ಗಂಡ-ಹೆಂಡತಿ ಬೇರೆಯಾಗಿದ್ದರೆ ಈ ಪತ್ರ ಸಾಲದು, ಮಗು ಯಾರ ಸುಪರ್ದಿಯಲ್ಲಿದೆ ಅನ್ನುವ ಕೋರ್ಟ್ ಆದೇಶದ ಪ್ರತಿ ಬೇಕಾಗುತ್ತದೆ. ಇವರ ಮನೆಯಲ್ಲಿ ಆ ಪ್ರಶ್ನೆ ಇರಲಿಲ್ಲ.

ಹೊರಡುವ ಹಿಂದಿನ ದಿನ ಫೋನಿನಲ್ಲಿ ತಂಗಿಗೆ ಉರು ಹೊಡೆಸಿದೆ. ಪಿಯರ್ಸನ್ ಕೌಂಟರಿನಲ್ಲಿ ಪುಟ್ಟಿಯದು ಅಮೆರಿಕದ ಪಾಸ್‌ಪೋರ್ಟು, ಓಸಿಐ. ಬೆಂಗಳೂರಿನಲ್ಲಿ ಇಳಿದಾಗಲೂ ಅದೇ. ವಾಪಸ್ ಬರುವಾಗ ಬೆಂಗಳೂರಿನ ವಿಮಾನ ಕಂಪನಿಯ ಕೌಂಟರಿನಲ್ಲಿ ಕೆನಡಾ ಪಾಸ್‌ಪೋರ್ಟು, ಯಾಕೆಂದರೆ ಇಳಿಯುವುದು ಕೆನಡಾದಲ್ಲಿ. ಅಲ್ಲಿಂದ ಮುಂದೆ ಇಮಿಗ್ರೇಶನ್‌ನಲ್ಲಿ ಮತ್ತೆ ಅಮೆರಿಕದ್ದು, ಓಸಿಐ. ಭಾರತದೊಳಗೆ ಯಾವ ಪುಸ್ತಕದಲ್ಲಿ ಬಂದಳೋ ಅದೇ ಪುಸ್ತಕದಲ್ಲಿ ಹೊರಗೆ ಹೋಗಬೇಕು. ಟೊರೊಂಟೊದಲ್ಲಿ ಇಳಿದ ಮೇಲೆ ಕೆನಡಾದ್ದು. ತಂಗಿ ಎರಡು ಬಣ್ಣದ ಪ್ಲಾಸ್ಟಿಕ್ ಕವರ್ ತಂದು ಹಸಿರಿನಲ್ಲಿ "ಇಂಡಿಯಾ", ಕೆಂಪಿನಲ್ಲಿ "ಮನೆ" ಅಂತ ಬರೆದಳು. ಎಷ್ಟು ಸಲ ಹೇಳಿದರೂ ನನ್ನ ವಿವರಣೆಗಿಂತ ಅದೇ ಚೆನ್ನಾಗಿತ್ತು.

ಬರುವಾಗ ಹೇಳುವಂಥದ್ದೇನೂ ನಡೆಯಲಿಲ್ಲ. ಪಿಯರ್ಸನ್‌ನಲ್ಲಿ ಓಸಿಐ ನಂಬರ್ ಹೊಂದುತ್ತಿಲ್ಲ ಅಂದರು. ಜಾಲತಾಣಕ್ಕೆ ಏರಿಸಿದ್ದರ ಪ್ರಿಂಟು, ಹಳೆ ಪಾಸ್‌ಪೋರ್ಟು ಎರಡನ್ನೂ ತೋರಿಸಿದ್ದಕ್ಕೆ ಹತ್ತು ನಿಮಿಷದಲ್ಲಿ ಬಿಟ್ಟರು. ಮದುವೆ ಚೆನ್ನಾಗಿ ಆಯಿತು. ಪುಟ್ಟಿ ಬೆಣ್ಣೆ ದೋಸೆ ತಿಂದು ತಿಂದು ಎರಡು ದಿನ ಮಲಗಿದಳು.

ಹೊರಡುವ ರಾತ್ರಿ ನಾನು ದೇವನಹಳ್ಳಿಯವರೆಗೆ ಬಿಟ್ಟು ಬಂದೆ. ಒಳಗೆ ನಡೆದದ್ದನ್ನು ಆಮೇಲೆ ತಂಗಿ ಹೇಳಿದಳು. ಇಮಿಗ್ರೇಶನ್ ಸಾಲಿನಲ್ಲಿ ತಂಗಿ ಹಸಿರು ಕವರ್ ತೆಗೆದು ಅಮೆರಿಕದ ಪಾಸ್‌ಪೋರ್ಟ್ ಕೊಟ್ಟಿದ್ದಾಳೆ. ಅಧಿಕಾರಿ ಕನ್ನಡದವರು. ಪುಟ್ಟಿಯನ್ನು ನಗುತ್ತಾ ಮಾತಾಡಿಸಿ, ಅಮೆರಿಕಕ್ಕೆ ಹೋಗ್ತಿದ್ದೀಯಾ ಪುಟ್ಟಾ ಅಂದರಂತೆ. "ಇಲ್ಲ ಅಂಕಲ್, ಕೆನಡಾಕ್ಕೆ. ನಂದು ಇನ್ನೊಂದು ಪಾಸ್‌ಪೋರ್ಟ್ ಇದೆ, ಕೆಂಪು ಕವರ್‌ನಲ್ಲಿ!"

ತಂಗಿಗೆ ಜೀವ ಬಾಯಿಗೆ ಬಂತಂತೆ. ಬರಬೇಕಾದದ್ದೇ. ಎರಡು ಪಾಸ್‌ಪೋರ್ಟ್ ಅಂದರೆ ನಮ್ಮ ಕಿವಿಗೆ ಕಳ್ಳತನದ ಹಾಗೆ ಕೇಳಿಸುತ್ತದೆ. ಭಾರತದ ಪ್ರಜೆ ಬೇರೆ ದೇಶದ ಪೌರತ್ವ ತೆಗೆದುಕೊಂಡರೆ 1955ರ ಕಾಯ್ದೆಯ 9ನೇ ಕಲಮಿನ ಪ್ರಕಾರ ಇಲ್ಲಿನದು ಹೋಗುತ್ತದೆ. ಆಮೇಲೂ ನಮ್ಮ ಪಾಸ್‌ಪೋರ್ಟ್ ಬಳಸಿದರೆ ದಂಡ ಬೀಳುತ್ತದೆ. ಅದೇ ಭಯ ಅವಳ ತಲೆಯಲ್ಲಿ. ಆದರೆ ಪುಟ್ಟಿಯ ಎರಡೂ ಪುಸ್ತಕ ವಿದೇಶದವು. ಅದು ಆ ಎರಡು ದೇಶಗಳ ಸಮಾಚಾರ. ಅಧಿಕಾರಿ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ, ಬಂದದ್ದು ಯಾವುದರಲ್ಲಿ ಅಂತ ಕೇಳಿ, ಅದಕ್ಕೇ ಮುದ್ರೆ ಒತ್ತಿ ಕೊಟ್ಟರು. ಕೆಂಪು ಕವರ್ ವಾಪಸ್ ಕೊಡುತ್ತಾ "ಇದು ನಿಮ್ಮೂರಲ್ಲಿ ತೋರಿಸು" ಅಂದರಂತೆ ಪುಟ್ಟಿಗೆ.

ಒಪ್ಪಿಗೆ ಪತ್ರ ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದ್ದು ಕೊಟ್ಟಕೊನೆಯಲ್ಲಿ, ಮನೆಯ ಬಾಗಿಲಲ್ಲಿ. ಟೊರೊಂಟೊದಲ್ಲಿ ಇಳಿದಾಗ ಭಾನುವಾರ ಮಧ್ಯಾಹ್ನ. ಗಡಿ ಅಧಿಕಾರಿ ಮೂರೂ ಪಾಸ್‌ಪೋರ್ಟ್ ತಿರುವಿದರು. ಸರ್‌ನೇಮುಗಳನ್ನು ಒಂದೊಂದಾಗಿ ಓದಿದರು. ಈ ಮಕ್ಕಳು ನಿಮಗೆ ಏನಾಗಬೇಕು ಅಂದರು. ತಂಗಿ ಜನನ ಪ್ರಮಾಣಪತ್ರ ಕೊಟ್ಟಳು, ಕೊನೆ ಪುಟದ ಚೀಟಿ ತೋರಿಸಿದಳು, ನೋಟರಿ ಪತ್ರಗಳನ್ನು ಮುಂದಿಟ್ಟಳು. ಅಧಿಕಾರಿ ತಂಗಿಯನ್ನು ಬಿಟ್ಟು ಮಕ್ಕಳ ಕಡೆ ತಿರುಗಿದರು. ಅಪ್ಪ ಎಲ್ಲಿ? ಯಾರ ಮನೆಗೆ ಹೋಗಿದ್ದಿರಿ? ಮಕ್ಕಳನ್ನೇ ಕೇಳುವುದು ಅಲ್ಲಿ ಮಾಮೂಲು. ಪುಟ್ಟಿ ಸರಿಯಾಗಿಯೇ ಹೇಳಿದಳು. ಚಿಕ್ಕವನು ನಿದ್ದೆಗಣ್ಣಲ್ಲಿ "ಅಪ್ಪ ಆಫೀಸಲ್ಲಿ" ಅಂದ.

ಅಧಿಕಾರಿ ಪತ್ರದಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ರಿಂಗಾಯಿತು, ಯಾರೂ ಎತ್ತಲಿಲ್ಲ. ಮತ್ತೊಮ್ಮೆ ಮಾಡಿದರು. ತಂಗಿ ಬಗ್ಗಿ ನೋಡಿದಳು. ಅದು ಗಂಡನ ಆಫೀಸಿನ ನಂಬರ್. ಅವರ ಇಮೇಲಿನ ಕೆಳಗಿದ್ದ ವಿವರವನ್ನು ನಾನು ಹಾಗೆಯೇ ಎತ್ತಿ ಪತ್ರಕ್ಕೆ ಹಾಕಿದ್ದೆ. ಹದಿನಾರು ವರ್ಷ ಟಿಕೆಟ್ ಮಾಡಿದವನು, ಭಾನುವಾರ ಇಳಿಯುವವರಿಗೆ ಆಫೀಸ್ ಫೋನ್ ಕೊಟ್ಟಿದ್ದೆ. ತಂಗಿ ಮೊಬೈಲ್ ನಂಬರ್ ಹೇಳಿದಳು. ಅಪ್ಪ ಎತ್ತಿದ್ದು ಅದೇ ಕಟ್ಟಡದ ಪಾರ್ಕಿಂಗಿನಿಂದ. ಹುಟ್ಟಿದ ದಿನಾಂಕ ಕೇಳಿದರು, ಮಕ್ಕಳ ಹೆಸರು ಕೇಳಿದರು, ಯಾವತ್ತು ಹೊರಟಿದ್ದರು ಅಂತ ಕೇಳಿದರು. ಇಪ್ಪತ್ತೈದು ನಿಮಿಷ ಹಿಡಿಯಿತು.

ಕಾರಿನಲ್ಲಿ ಕೂತ ಮೇಲೆ ತಂಗಿ ನನಗೆ ಮೆಸೇಜ್ ಹಾಕಿದಳು. "ತಲುಪಿದ್ವಿ ಅಣ್ಣಾ. ಆ ಪತ್ರದ ಫೈಲ್ ಇಟ್ಕೊಂಡಿದ್ದೀಯಲ್ಲ, ಅದರಲ್ಲಿ ಫೋನ್ ನಂಬರ್ ಈಗ್ಲೇ ಬದಲಾಯಿಸಿ ಇಡು."